ಬಾಂಗ್ಡೆ ಇಲ್ಲದ ಹಾಡು

ಎಂಬತ್ತೊಂದರ ಮೇ. ಹಡಗಿನಿಂದ ಇಳಿದ ತಮ್ಮ ಇನಾಸ್
ಜೇಬಿನಿಂದ ತೆಗೆದದ್ದು ಒಂದೇ ಒಂದು ಕ್ಯಾಸೆಟ್ಟು.
ಅದರ ಮೇಲೆ ನೀವು ನಾಲ್ವರು
ಇಟ್ಟಿಗೆ ಗೋಡೆಗೆ ಒರಗಿ,
ಸಾಲ ಕೊಟ್ಟವ ಎದುರು ಬಂದ ಹಾಗೆ, ನಗದೆ.
ಸಪೂರ ಟೈ, ಗಿಡ್ಡ ಪ್ಯಾಂಟು,
ಒಬ್ಬನ ಕಣ್ಣಿಗೆ ಮಾತ್ರ ಕಾಡಿಗೆ.
"ಪಾಪ, ಈ ಹುಡುಗರು ಉಂಡಿಲ್ಲ" ಅಂದಳು ಮಾಯ್.

ಮರುದಿನವೇ ಅವನ ಹಡಗು. ಕ್ಯಾಸೆಟ್ಟು ಬಿಟ್ಟುಹೋಗಲಾರ.
ವಾಯರು ಇರಲಿಲ್ಲ ನನ್ನಲ್ಲಿ.
ಎರಡು ಟೇಪ್ ರೆಕಾರ್ಡರುಗಳನ್ನು
ಬೀಗರ ಹಾಗೆ ಎದುರುಬದುರು ಕೂರಿಸಿ,
ಫ್ಯಾನು ಆರಿಸಿ, ಕೋಳಿ ಅಟ್ಟಿ,
ಮಾಯ್‌ಗೆ ಕೆಮ್ಮಬೇಡವೆಂದು ಕೈಮುಗಿದು
ಒತ್ತಿದೆ ಕೆಂಪು ಗುಂಡಿ.

ಎರಡನೆಯ ಬದಿ, ಮೂರನೆಯ ಹಾಡು.
ನಡುವೆ ನೀವು ಎಲ್ಲ ನಿಲ್ಲಿಸುತ್ತೀರಲ್ಲ,
ಗಿಟಾರು, ಡ್ರಮ್ಮು, ಆ ಒರಟು ಗಂಟಲು,
ನಾಲ್ಕೆಣಿಕೆ ಏನೂ ಇಲ್ಲ.
ಸರಿಯಾಗಿ ಆ ನಾಲ್ಕೆಣಿಕೆಯೊಳಗೆ
ಕೋಡಿಬಾಗದ ನಮ್ಮ ಓಣಿಗೆ ಬಂದಳು ಬುದ್ವಂತಿ:
"ಬಾಂಗ್ಡೇ... ತಾಜೇ ಬಾಂಗ್ಡೇ..."
ಆಮೇಲೆ ಡ್ರಮ್ಮು,
ಅವಳೇ ಬುಟ್ಟಿ ಇಳಿಸಿದ ಹಾಗೆ, ಧಡ್.

ಅದೇ ನನ್ನ ಮೂಲಪ್ರತಿ.
ಅದರಿಂದ ಹತ್ತು, ಹತ್ತರಿಂದ ನೂರು.
ಬಿಣಗಾ ಫ್ಯಾಕ್ಟರಿಯ ರಾತ್ರಿಪಾಳಿ ಹುಡುಗರು,
ಬೈತಖೋಲದ ಮಂಜುಗಡ್ಡೆ ಲಾರಿಯವರು,
ಅಂಕೋಲೆಯ ಒಬ್ಬ ಡಾಕ್ಟರು, ಹೆಸರು ಹೇಳದೆ.
ಖಾಲಿ ಕ್ಯಾಸೆಟ್ಟು ನೀವೇ ತಂದರೆ ಐದು ರೂಪಾಯಿ.
ಕಾಲೇಜಿನ ಗ್ಯಾದರಿಂಗಿನಲ್ಲಿ ಅದನ್ನು ಹಾಡಿದ ರುಜಾರ್
ನಡುವೆ ಕೈ ಬಾಯಿಗಿಟ್ಟು ಬಾಂಗ್ಡೆ ಕೂಗಿದ, ಭಕ್ತಿಯಿಂದ.
ಇದು ಯಾವ ಭಾಷೆಯೋ ಎಂದ ಪ್ರಿನ್ಸಿಪಾಲರಿಗೆ
ಹಿಂದಿನ ಬೆಂಚು ಹೇಳಿತು: "ಇಂಗ್ಲಿಷ್, ಸರ್."

ಆಮೇಲೆ ನಿಮಗೆ ಕೂದಲು ಬೆಳೆಯಿತು.
ಸ್ಯಾಕ್ಸೊಫೋನಿನವಳೊಬ್ಬಳು ಬಂದಳು, ಹೋದಳು.
ಕಾಡಿಗೆಯವ ಮುನಿಸಿಕೊಂಡು ಎದ್ದುಹೋದ.
ನೀವು ಒಡೆದ ಸುದ್ದಿ ನನಗೆ ಸಿಕ್ಕದ್ದು
ಎರಡು ವರ್ಷ ತಡವಾಗಿ, ರದ್ದಿ ಅಂಗಡಿಯಲ್ಲಿ,
ಶೇಂಗಾ ಕಟ್ಟಿಕೊಟ್ಟ ಕಾಗದದಲ್ಲಿ.
ಅದೇ ಹೆಸರಲ್ಲಿ ಈಗ ಎರಡು ತಂಡ, ಕೋರ್ಟು, ವಕೀಲರು.
ನಮ್ಮಲ್ಲೂ ಉಂಟು ಅದು:
ಅಪ್ಪ ಸತ್ತ ವರ್ಷ ಒಂದೇ ದೋಣಿಗೆ
ಇಬ್ಬರು ತಾಂಡೇಲರು.
ಅಷ್ಟರಲ್ಲಿ ಅರ್ಗಾದ ಕಡೆ ನೌಕಾನೆಲೆಯ ಬೇಲಿ ಎದ್ದಿತ್ತು.
ನನ್ನ ಗಿರಾಕಿಗಳ ಪುಸ್ತಕದಲ್ಲಿ
ಅರ್ಧ ಪುಟದ ವಿಳಾಸಗಳಿಗೆ ಊರೇ ಇರಲಿಲ್ಲ.

ಸೀಡಿ ಬಂತು. ಹೊಳೆಯುವ ನೀವು, ಧೂಳಿಲ್ಲದ ನೀವು.
ಮೊದಲು ಕೊಂಡವ ವೆಂಕ್ಟಾ ಗಾಬಿತ.
ಸಂಜೆಯೇ ತಂದು ಕೌಂಟರಿನ ಮೇಲೆ ಇಟ್ಟ:
"ಬಾಯೀ, ಇದು ಡೂಪ್ಲಿಕೇಟು.
ಮೀನಿನವಳೇ ಇಲ್ಲ."
ವಾದ ಮಾಡಬಹುದಿತ್ತು.
ಹಣ ವಾಪಸು ಕೊಟ್ಟೆ.
ರಾತ್ರಿ ನಾನೂ ಹಾಕಿ ಕೇಳಿದೆ;
ಆ ನಾಲ್ಕೆಣಿಕೆ ಹಲ್ಲು ಬಿದ್ದ ಜಾಗದ ಹಾಗೆ,
ನಾಲಿಗೆ ಅಲ್ಲಿಗೇ ಹೋಗುತ್ತದೆ.

ಬುದ್ವಂತಿಗೆ ಒಮ್ಮೆ ಕೇಳಿಸಿದ್ದೆ.
"ಇದು ನನ್ನ ದನಿಯಲ್ಲ" ಅಂದಳು,
"ನನ್ನದು ಇದಕ್ಕಿಂತ ದೊಡ್ಡದು."
ಆ ದಿನದ ಬಾಂಗ್ಡೆ ಎಷ್ಟಕ್ಕೆ ಹೋಯಿತೆಂದು ಅವಳಿಗೆ ನೆನಪಿತ್ತು.
ಈಗ ಅವಳೂ ಇಲ್ಲ, ಇನಾಸನೂ ಇಲ್ಲ.
ಕಾಳಿಯ ಹಳೆ ಸೇತುವೆ ಒಂದು ಮಳೆಗಾಲದ ರಾತ್ರಿ
ಹೊಳೆಗೆ ಕುಸಿದು, ಪಕ್ಕದ್ದು ಮಾತ್ರ ನಿಂತಿದೆ,
ನಾವು ದಾಟುತ್ತಲೇ ಇದ್ದೇವೆ.

ಮೊನ್ನೆ ಸೊಸೆಯ ಫೋನಿನಲ್ಲಿ ನಿಮ್ಮನ್ನು ಕಂಡೆ.
ನಾಲ್ವರಲ್ಲಿ ಉಳಿದವರು ಇಬ್ಬರು.
ಡ್ರಮ್ಮಿಗೆ ಯಾರದೋ ಮಗ.
ಹಾಡುವವ ಸ್ಟೂಲಿನ ಮೇಲೆ ಕೂತಿದ್ದಾನೆ, ಹೊಟ್ಟೆ ಬಂದಿದೆ,
ಸಾಲಗಾರನ ಆ ಮುಖ ಹೋಗಿ
ಸಾಲ ತೀರಿಸಿದವನ ಮುಖ.
ಸ್ವರ ಒಂದು ಮೆಟ್ಟಿಲು ಇಳಿಸಿಕೊಂಡಿದ್ದೀರಿ,
ನಮ್ಮ ಕಿವಿಗೆ ಗೊತ್ತಾಗುತ್ತದೆ, ಆದರೆ ಇರಲಿ,
ನಾನೂ ಈಗ ಜಗಲಿಗೆ ಕುರ್ಚಿ ಹಾಕಿಕೊಳ್ಳುತ್ತೇನೆ.

ಮೂರನೆಯ ಹಾಡು ಬಂತು.
ನಡುವೆ ನಿಲ್ಲುವ ಮೊದಲು, ಯಾಕೋ,
ಎದ್ದು ಫ್ಯಾನು ಆರಿಸಿದೆ.
"ಸೆಕೆ ಅಲ್ಲವೇ, ಮಾಯ್?" ಎಂದಳು ಸೊಸೆ.
ಬೆರಳು ತುಟಿಗಿಟ್ಟು
ಓಣಿಯ ಕಡೆ ನೋಡಿದೆ.